ಲಿಲ್ಲಿ ಎಲೆಯ ಮೇಲಿನ ಸಿಹಿ

ಕಾಶಿಯ ಮಠದಲ್ಲಿ ಹೂವಿನ ದಾನಯ್ಯ ಅಂದರೆ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಮನುಷ್ಯ. ಗದಗಿನ ಕಡೆಯಿಂದ ಬಂದು ಹದಿನೆಂಟು ವರ್ಷವಾಗಿತ್ತು. ಬೆಳಿಗ್ಗೆ ಪೂಜೆಗೆ ಹೂ ಕೊಡುವುದು, ಉಳಿದ ಹೊತ್ತು ಹಿತ್ತಿಲ ಗಿಡಗಳ ಜೊತೆ ಗುದ್ದಾಡುವುದು, ಇಷ್ಟೇ ಅವನ ಬದುಕು. ಯಾತ್ರಿಕರು ಸುಮ್ಮನೆ ಒಂದು ಎಲೆ ಕಿತ್ತರೂ ಸಾಕು, "ನಿಮ್ಮ ಕಿವಿ ಹಿಂಗ ಕಿತ್ತರ ಹೆಂಗ್ರೀ?" ಅಂದುಬಿಡುತ್ತಿದ್ದ. ಹೆಂಡತಿ ಕಾಶಮ್ಮ ಮಠದ ಅಡುಗೆಮನೆಯಲ್ಲಿದ್ದಳು. "ಹೆಸರಿಟ್ಟವರು ಊರೂ ತೋರಿಸಿಬಿಟ್ರು" ಎಂದು ಅವಳು ನಗುತ್ತಿದ್ದ ಕಾಲವೊಂದಿತ್ತು.

ಎಪ್ಪತ್ತೊಂದನೇ ಇಸವಿಯಲ್ಲಿ ಒಬ್ಬಳೇ ಮಗಳು ನಾಗಮಣಿ ಜ್ವರ ಬಂದು ತೀರಿಕೊಂಡಳು. ಒಂಬತ್ತೇ ವರ್ಷ. ಅಪ್ಪನ ಹತ್ತಿರ ಕನ್ನಡ, ಓಣಿಯಲ್ಲೆಲ್ಲ ಹಿಂದಿ ಮಾತಾಡಿಕೊಂಡಿದ್ದ ಹುಡುಗಿ. ಭೇಲೂಪುರದ ಯಾರದೋ ಬಂಗಲೆಯಿಂದ ಕಾಡಿಬೇಡಿ ತಂದು ಅವಳು ನೆಟ್ಟಿದ್ದ ನಾಲ್ಕು ಲಿಲ್ಲಿ ಗಡ್ಡೆ ಮಾತ್ರ ಹಿತ್ತಿಲಲ್ಲಿ ಉಳಿದವು. ಕೂಸಿಗೆ ಪಂಚಾಮೃತ ಅಂದರೆ ಪ್ರಾಣ. ಅವಳ ಪಾಲಿನದು ಎಂದು ಕಾಶಮ್ಮ ದಿನಾ ಪೂಜೆ ಮುಗಿದ ಮೇಲೆ ಒಂದು ಚಮಚ ಪಂಚಾಮೃತವನ್ನು ಆ ಲಿಲ್ಲಿಗಳಿಗೆ ಹಾಕತೊಡಗಿದಳು. ಅಭಿಷೇಕದ್ದನ್ನು ತುಳಿಯುವ ಕಡೆ ಚೆಲ್ಲಬಾರದು, ಗಿಡಕ್ಕೇ ಹಾಕಬೇಕು. ಮಠದ ಪದ್ಧತಿಯೇ ಅದಾದ್ದರಿಂದ ಯಾರೂ ಏನೂ ಅನ್ನಲಿಲ್ಲ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಲಿಲ್ಲಿ ಎಲೆಗಳು ಅಂಟಂಟಾಗಿ ಮಿರುಗತೊಡಗಿದವು. ಕಾಶಮ್ಮ ಬೆರಳಿಂದ ಮುಟ್ಟಿ ನಾಲಿಗೆಗೆ ಇಟ್ಟುಕೊಂಡಳು. "ಅಯ್ಯ ಶಿವನ! ಸಿಹಿ ಐತ್ರೀ! ನಾವು ಕೊಟ್ಟಿದ್ದನ್ನ ಉಂಡು ನಮಗೂ ಉಳಿಸ್ಯಾಳ ನೋಡ್ರಿ."

ದಾನಯ್ಯನೂ ನೆಕ್ಕಿ ನೋಡಿದ. ಸಿಹಿಯೇ! ಬೇರೆ ಗಿಡವಾಗಿದ್ದರೆ ಎಲೆ ಮಗುಚಿ ನೋಡದೆ ಬಿಡುವ ಆಸಾಮಿಯೇ ಅಲ್ಲ. ಇಲ್ಲಿ ಮಾತ್ರ ಕೈ ಬರಲಿಲ್ಲ, ಎಲೆಯನ್ನು ಕಣ್ಣಿಗೊತ್ತಿಕೊಂಡ. ಮೂರು ವರ್ಷದ ಮೇಲೆ ಕಾಶಮ್ಮ ಹೊಟ್ಟೆತುಂಬ ಉಂಡದ್ದು ಅವತ್ತು. ಎಲೆ ಒರೆಸಬೇಡಿರಿ ಅಂದಳು, ಅವನು ಹೂಂ ಅಂದ.

ಆಮೇಲೆ ಎಲೆಗಳ ಮೇಲೆ ಮಸಿ ಕೂತಿತು. ಹರಿಶ್ಚಂದ್ರ ಘಾಟಿನ ಚಿತೆಗಳ ಹೊಗೆ ಇರಬೇಕು ಎಂದುಕೊಂಡ. ಎಲೆ ಹಳದಿಯಾದವು, ಬಿಸಿಲಿನ ಝಳ ಎಂದುಕೊಂಡ. ಒಂದು ಗಡ್ಡೆ ಕೊಳೆತು ಕೈಗೇ ಕಿತ್ತುಬಂತು. ಉಳಿದ ಮೂರೂ ಹೋದರೆ ಮಗಳದು ಅಂತ ಈ ಭೂಮಿಯ ಮೇಲೆ ಏನುಳಿಯಿತು?

ಆ ವಾರ ಕಾಶಮ್ಮ ಯಾತ್ರಿಕರಿಗೆ ಅಡುಗೆ ಮಾಡಲು ಮೂರು ದಿನ ಪ್ರಯಾಗಕ್ಕೆ ಹೋದಳು. ಪಂಚಾಮೃತ ಹಾಕುವವರು ಯಾರೂ ಇರಲಿಲ್ಲ. ಏನಾಗುತ್ತದೋ ನೋಡೋಣವೆಂದು ದಾನಯ್ಯ ಒಂದು ಎಲೆಯನ್ನು ತೊಳೆದು ಬಿಟ್ಟ. ಮೂರನೇ ದಿನ ನೋಡಿದರೆ ಅದೂ ಅಂಟು! ಈಗ ಎಲೆ ಮಗುಚಿದ. ಅಡಿಯಲ್ಲಿ, ಬುಡದ ಸಂದಿಯಲ್ಲಿ ಅರಳೆ ಮೆತ್ತಿದಂತೆ ಬಿಳಿ ಹಿಟ್ಟು ತಿಗಣೆ. ಗಿಡದ ರಸ ಹೀರಿ ಅವು ಹೊರಗೆ ಹಾಕುತ್ತಿದ್ದುದೇ ಆ ಸಿಹಿ. ಅದರ ಆಸೆಗೆ ಇರುವೆಗಳು ಅವನ್ನು ಕಾಯುತ್ತಿದ್ದವು. ಮಸಿಯೆಂದರೆ ಆ ಅಂಟಿನ ಮೇಲೆ ಬೆಳೆದ ಬೂಷ್ಟು. "ಥೂ, ನನ್ನ ಹದಿನೆಂಟು ವರ್ಷಕ್ಕ ಬೆಂಕಿ ಹಾಕ!" ಎಂದು ತನ್ನನ್ನೇ ಬೈದುಕೊಂಡ.

ಸೋನಾರ್‌ಪುರಕ್ಕೆ ಓಡಿ ಸುರ್ತಿ ತಂದ. ಆ ಹೊಗೆಸೊಪ್ಪನ್ನು ಕುದಿಸಿ ಸೋಸಿ, ಸಾಬೂನು ಕದಡಿದ. ಕೆಟ್ಟ ಎಲೆ ಕೊಯ್ದು ಸುಟ್ಟ. ಉಳಿದದ್ದನ್ನು ಬಟ್ಟೆ ಅದ್ದಿ ಒಂದೊಂದಾಗಿ ಒರೆಸುತ್ತಿರುವಾಗ ಕಾಶಮ್ಮ ಬಂದಳು.

"ಏನ್ ಮಾಡಾಕತ್ತೀರಿ? ಕೂಸಿನ ಪ್ರಸಾದ ಅದು!" ಎಂದು ಬಟ್ಟೆ ಕಸಿದುಕೊಂಡಳು.

"ಯಾವ ಪ್ರಸಾದ? ಹುಳದ ಹೇಲು ಅದು! ಇಷ್ಟು ದಿನ ಅದನ್ನ ನೆಕ್ಕೀವಿ ಇಬ್ರೂ!"

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವಳ ಮುಖ ನೋಡಿದೊಡನೆ ನಾಲಿಗೆ ಕಚ್ಚಿಕೊಂಡ. ಕಾಶಮ್ಮ ಬಟ್ಟೆಯನ್ನು ಅವನ ಕೈಗೇ ಕೊಟ್ಟು ಒಳಗೆ ಹೋದಳು. ಮತ್ತೆ ಹಿತ್ತಿಲಿಗೆ ಬರಲಿಲ್ಲ, ಊಟವೂ ಮೊದಲಿನಂತೆ ಅರೆಹೊಟ್ಟೆಯಾಯಿತು.

ಅವನು ಹಟ ಬಿಡಲಿಲ್ಲ. ವಾರಕ್ಕೆರಡು ಸಲ ಸುರ್ತಿ ನೀರು. ಇರುವೆ ಗೂಡು ಅಗೆದು ಹಾಕಿದ. ಒಂದು ಗಡ್ಡೆ ಸತ್ತಿತು, ಎರಡು ಚಿಗುರಿದವು. ಶ್ರಾವಣದ ಎರಡನೇ ಸೋಮವಾರ ಒಂದರಲ್ಲಿ ಬಿಳಿ ಹೂ ಅರಳಿತು. ದಾನಯ್ಯ ಎಳೆ ಹುಡುಗನ ಹಾಗೆ ಅಡುಗೆಮನೆಗೆ ಓಡಿದ.

"ಕಾಶೀ, ಬಾ ನೋಡು, ಗಿಡ ಬದುಕೇತಿ!"

ಕಾಶಮ್ಮ ಬೇಳೆ ಆರಿಸುತ್ತಿದ್ದಳು. ತಲೆ ಎತ್ತಿ ಅವನನ್ನೇ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಗಿಡದ ರೋಗ ಎಷ್ಟು ಚಂದ ಗುರುತು ಹಿಡದ್ರಿ. ಮಗಳಿಗೆ ಜ್ವರ ಬಂದಾಗ ಮಾತ್ರ ಗಂಗ್ಯಾಗ ಆಡಿದ್ದಕ್ಕ ಬಂದೈತಿ, ತಾನ ಬಿಡತೈತಿ ಅಂತ ಎಂಟು ದಿನ ಕಷಾಯ ಕುಡಿಸಿದ್ರಿ. ದವಾಖಾನಿಗೆ ಒಯ್ಯೂಣು ಅಂದರ ನನ್ನ ಬೈದ್ರಿ."

ಮೂರು ವರ್ಷದಲ್ಲಿ ಈ ಮಾತು ಇಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ. ದಾನಯ್ಯನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅಲ್ಲೇ ನೆಲದ ಮೇಲೆ ಕುಕ್ಕರಿಸಿದ.

"ಹೌದು ಕಾಶಿ. ನಾನ ಕೊಂದೆ" ಎಂದು ಗೋಡೆಗೆ ತಲೆಯಿಟ್ಟು ಅತ್ತ. ಕಾಶಮ್ಮ ಬೇಳೆಯ ಮೊರವನ್ನು ಪಕ್ಕಕ್ಕೆ ಸರಿಸಿ, ಅವನ ಹತ್ತಿರ ಬಂದು ಕೂತಳು.