ಚೆನ್ನಾಗಿದೆ, ಆದ್ರೆ

ಮುಖ ನೋಡಿ ಜನರ ಗುರುತು ಹಿಡಿಯುವುದು ಯಾರಿಗೆ ಬರುವುದಿಲ್ಲ? ಹಲ್ಲಕ್ಕ ದವಡೆ ನೋಡಿ ಗುರುತು ಹಿಡಿಯುತ್ತಿದ್ದಳು. ಕಟ್ಟುಹಲ್ಲು ಮಾಡುವುದು ಅವಳ ಕಸುಬು. ಸೋದರಮಾವ ಬಿಟ್ಟುಹೋದ ಲ್ಯಾಬು ಎಂದರೆ ಎರಡನೇ ಮಹಡಿಯ ಒಂದು ಕೋಣೆ, ಕಿಟಕಿಯ ಕೆಳಗೊಂದು ಬೆಂಚು, ಮೇಣ ಕರಗಿಸುವ ಸಣ್ಣ ದೀಪ, ಉಜ್ಜುವ ಮೋಟಾರು, ಎಲ್ಲದರ ಮೇಲೂ ಒಂದು ಪದರ ಬಿಳಿ ಪುಡಿ. ಊರಿನ ಐದಾರು ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಅಲ್ಲಿಗೆ ಕಳಿಸುತ್ತಿದ್ದರು. ಅಚ್ಚಿನ ಜೊತೆ ಹೆಸರು ಬರುತ್ತಿರಲಿಲ್ಲ, ನಂಬರು ಮಾತ್ರ. ಬಸ್ಸಿನಲ್ಲಿ ಎದುರಿಗೆ ಕೂತ ಮುದುಕರು ಆಕಳಿಸಿದರೆ, ಅಯ್ಯೋ ಇದು ನಾನೇ ಮಾಡಿದ್ದು ಎಂದು ಒಳಗೊಳಗೇ ಹಿಗ್ಗಿ, ಅವರು ಇಳಿಯುವ ಸ್ಟಾಪಿನವರೆಗೂ ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಿಂದ ಹೋದ ಒಂದೇ ಒಂದು ಸೆಟ್ಟೂ ಸರಿಯಿಲ್ಲವೆಂದು ವಾಪಸು ಬಂದಿರಲಿಲ್ಲ. ಆಸ್ತಿಯೆಂದರೂ ಅದೇ, ಜಂಬವೆಂದರೂ ಅದೇ.

ಶನಿವಾರ ಅರ್ಧ ದಿನ ರಜೆ. ಮಧ್ಯಾಹ್ನ ಟೈಲರಮ್ಮನ ಅಂಗಡಿಯಲ್ಲಿ ನಾಲ್ಕು ಜನ ಗೆಳತಿಯರು ಸೇರುತ್ತಿದ್ದರು: ಟೈಲರಮ್ಮ, ಕಾಗದ ಹಂಚುವ ಪೋಸ್ಟಕ್ಕ, ಹಲ್ಲಕ್ಕ, ಮತ್ತು ಶಾಲೆಯಿಂದ ನಿವೃತ್ತಿಯಾದ ಮುಖ್ಯೋಪಾಧ್ಯಾಯಿನಿ ಮೇಡಂ. ಆ ವಾರ ಮಾಡಿದ್ದೋ ಕೊಂಡದ್ದೋ ಏನಾದರೂ ಒಂದನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಡಬೇಕು, ಎಲ್ಲರೂ ಕೈಯಲ್ಲಿ ಹಿಡಿದು ನೋಡಬೇಕು. ಇಷ್ಟೇ ನಿಯಮ. ಇಡಲು ಏನೂ ಇಲ್ಲದಿದ್ದರೆ, ಈ ವಾರ ಒಂದು ದಿನ ಚೆನ್ನಾಗಿ ನಿದ್ದೆ ಬಂತು ಎಂದು ಹೇಳಿದರೂ ನಡೆಯುತ್ತಿತ್ತು.

ಹಾಲಿಗೆ ಹುಳಿ ಹಿಂಡುವ ಕೆಲಸ ಮೇಡಂದು. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನಾವೆಲ್ಲ ಕಂಡಿದ್ದೇವೆ. ಈಕೆ ಕಲ್ಲು ಸಿಗದಿದ್ದರೆ ತಾನೇ ಒಂದು ಹಾಕಿ ತೆಗೆಯುವ ಪೈಕಿ. ಪೋಸ್ಟಕ್ಕ ಸೈಕಲ್ಲಿಗೆ ಹೊಸ ಬೆಲ್ ತಂದಳು. “ಚೆನ್ನಾಗಿದೆ, ಆದ್ರೆ ಆ ಸೈಕಲ್ಲಿಗೆ ಬೆಲ್ ಯಾಕೆ, ಬರೋ ಸದ್ದು ಎರಡು ಬೀದಿಗೆ ಕೇಳ್ಸುತ್ತಲ್ಲ.” ಟೈಲರಮ್ಮ ಹಳದಿ ಛತ್ರಿ ಕೊಂಡಳು. “ಚೆನ್ನಾಗಿದೆ, ಆದ್ರೆ ನಿನ್ನ ಬಣ್ಣಕ್ಕಲ್ಲ.” ಆ ಛತ್ರಿ ಮತ್ತೆ ಬಿಚ್ಚಲಿಲ್ಲ, ಟೈಲರಮ್ಮ ನೆನೆದುಕೊಂಡೇ ಓಡಾಡಿದಳು. ‘ಆದ್ರೆ’ ಅನ್ನುವಾಗ ಮೇಡಮ್ಮಿನ ಎಡಗಡೆಯ ಮುಂದಿನ ಹಲ್ಲು, ಪಕ್ಕದ ಹಲ್ಲಿನ ಮೇಲೆ ಚೂರು ಹತ್ತಿಕೊಂಡದ್ದು, ಇಷ್ಟೇ ಇಷ್ಟು ಹೊರಗೆ ಇಣುಕುತ್ತಿತ್ತು. ಹಲ್ಲಕ್ಕನ ಕಣ್ಣು ಅದನ್ನು ಬಿಟ್ಟು ಬೇರೇನನ್ನು ನೋಡೀತು?

ಒಂದು ಶನಿವಾರ ಹಲ್ಲಕ್ಕ ಏಳು ಗುಬ್ಬಚ್ಚಿಗಳನ್ನು ತಂದು ಮೇಜಿನ ಮೇಲಿಟ್ಟಳು. ಕೆಲಸ ಮುಗಿದ ಮೇಲೆ ಉಳಿಯುವ ಚೂರುಪಾರು ಸಾಮಾನಿನಲ್ಲೇ ಎಂಟು ತಿಂಗಳು ಕೂತು ಮಾಡಿದ್ದು. ಒಂದು ಗುಬ್ಬಿ ಕತ್ತು ತಿರುಗಿಸಿ ಬೆನ್ನು ಕೆರೆದುಕೊಳ್ಳುತ್ತಿತ್ತು, ಒಂದು ಮುದುರಿ ಕೂತಿತ್ತು, ಗರಿ ಗರಿಯೂ ಸೂಜಿಮೊನೆಯಲ್ಲಿ ಕೊರೆದದ್ದು. ಟೈಲರಮ್ಮ ಮೇಜಿಗೆ ಕೆನ್ನೆಯೂರಿ ಒಂದೊಂದನ್ನೇ ನೋಡಿದಳು. ಮೇಡಂ ಬೆನ್ನು ಕೆರೆಯುವ ಗುಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದರು, ಆಮೇಲೆ ಮೂಗಿಗೆ ಹಿಡಿದರು.

“ಚೆನ್ನಾಗಿದೆ, ಆದ್ರೆ ಬಾಯಿ ವಾಸನೆ ಬರುತ್ತಲ್ಲಮ್ಮಾ.”

ಎಲ್ಲರೂ ನಕ್ಕರು. ಛತ್ರಿಯ ಟೈಲರಮ್ಮನೂ ನಕ್ಕಳು, ಬೆಲ್ಲಿನ ಪೋಸ್ಟಕ್ಕನೂ ನಕ್ಕಳು. ಹಲ್ಲಕ್ಕನೂ ಹಲ್ಲು ಕಿರಿದಳು. ಮನೆಗೆ ಬಂದು ಗುಬ್ಬಿಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಬೀರುವಿನ ತಲೆಯ ಮೇಲಿಟ್ಟಳು. ಊಟಕ್ಕೆ ಮೊದಲು ಮೂರು ಸಲ ಸೋಪು ಹಾಕಿ ಕೈ ತೊಳೆದಳು, ಕೈಯನ್ನು ಮೂಸಿ ನೋಡಿ ಮತ್ತೊಂದು ಸಲ ತೊಳೆದಳು. ಅವತ್ತಿನಿಂದ ಅವಳು ಮೇಜಿನ ಮೇಲೆ ಏನನ್ನೂ ಇಡಲಿಲ್ಲ. ಏನಮ್ಮಾ ವಿಶೇಷ ಎಂದರೆ, “ನಿದ್ದೆ ಬಂತು” ಅನ್ನುತ್ತಿದ್ದಳು. ಅದೂ ಸುಳ್ಳು. ತಾಳಿದವನು ಬಾಳಿಯಾನು ಎನ್ನುತ್ತಾರೆ. ಹಲ್ಲಕ್ಕ ತಾಳಿಕೊಂಡದ್ದು ಬಾಳುವುದಕ್ಕಲ್ಲ.

ಒಂದೂವರೆ ವರ್ಷವಾಯಿತು. ಒಂದು ಮಂಗಳವಾರ ಊರಾಚೆಯ ದವಾಖಾನೆಯಿಂದ 418ನೇ ನಂಬರಿನ ಅಚ್ಚು ಬಂತು. ಮೇಲ್ದವಡೆ, ಉಳಿದಿರುವ ಆರು ಹಲ್ಲೂ ಅಲ್ಲಾಡುತ್ತಿವೆ, ಎಲ್ಲ ಕಿತ್ತು ಅದೇ ದಿನ ಹೊಸ ಸೆಟ್ಟು ಕೂರಿಸಬೇಕು ಎಂದು ಚೀಟಿ. ಹಲ್ಲಕ್ಕ ಅಚ್ಚನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಎಡಗಡೆಯ ಮುಂದಿನ ಹಲ್ಲು ಪಕ್ಕದ ಹಲ್ಲಿನ ಮೇಲೆ ಚೂರು ಹತ್ತಿಕೊಂಡಿತ್ತು.

“ಬನ್ನಿ ಮೇಡಂ, ಕೂತ್ಕೊಳ್ಳಿ” ಅಂದು ಅಚ್ಚನ್ನು ಬೆಂಚಿನ ಮೇಲಿಟ್ಟಳು.

ಹಲ್ಲಕ್ಕನ ಕೈಗೆ ಬಾಯಿ ಕೊಡಬಾರದೆಂದೇ ಮೇಡಂ ಎರಡು ಬಸ್ಸು ಬದಲಿಸಿ ಊರಾಚೆಯ ವೈದ್ಯರ ಹತ್ತಿರ ಹೋಗಿದ್ದರು. ಆ ವೈದ್ಯರ ಕೆಲಸವೂ ಇದೇ ಬೆಂಚಿಗೆ ಬರುತ್ತದೆಂದು ಅವರಿಗೇನು ಗೊತ್ತು ಪಾಪ!

ಇಂಥ ಕೆಲಸದಲ್ಲಿ ಮೊದಲು ಅಚ್ಚಿನಲ್ಲಿರುವ ಪ್ಲಾಸ್ಟರಿನ ಹಲ್ಲುಗಳನ್ನು ಒಂದೊಂದಾಗಿ ಕೊಯ್ದು ತೆಗೆಯಬೇಕು. ಹಲ್ಲಕ್ಕ ಸಣ್ಣ ಗರಗಸ ಹಿಡಿದಳು. “ಇದು ಬೆಲ್ಲಿಗೆ,” ಅಂದಳು. ಒಂದು ಹಲ್ಲು ಬೆಂಚಿನ ಮೇಲೆ ಟಕ್ಕೆಂದಿತು. “ಇದು ಛತ್ರಿಗೆ.” ಇನ್ನೊಂದು ಪೋಸ್ಟಕ್ಕನ ಹೂಕುಂಡಕ್ಕೆ, ಇನ್ನೆರಡು ಟೈಲರಮ್ಮನ ಮಗಳು ಕಳಿಸಿದ ಎರಡು ದಿಂಬಿಗೆ. ಎಡಗಡೆಯದನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅದನ್ನು ಕೊಯ್ಯುವಾಗ ಏನೂ ಹೇಳಲಿಲ್ಲ, ನಿಧಾನವಾಗಿ ಕೊಯ್ದಳು. ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ ಆಮೇಲೆ ಎರಡು ಲೋಟ ಟೀ ಕುಡಿದಳು.

ಸಂಜೆ ಅಡುಗೆಮನೆಯಲ್ಲಿ ಅತ್ತಿಗೆಗೆ ಎಲ್ಲವನ್ನೂ ಹೇಳಿದಳು. ಅತ್ತಿಗೆ ಸೌಟು ಕೆಳಗಿಟ್ಟಳು.

“ಹಿಂದಿನ ಒಂದು ಹಲ್ಲು ಕೂದಲೆಳೆಯಷ್ಟು ಎತ್ತರ ಇಟ್ಬಿಡು. ಜನ್ಮವಿಡೀ ತಲೆನೋವು ಬರ್ಲಿ. ಯಾರಿಗ್ ಗೊತ್ತಾಗುತ್ತೆ?”

“ವಾಪಸ್ ಬರುತ್ತೆ ಅತ್ತಿಗೆ. ಇಲ್ಲೀತನಕ ನನ್ನದೊಂದೂ ವಾಪಸ್ ಬಂದಿಲ್ಲ.”

“ಹಂಗಾದ್ರೆ ಬಿಟ್ಬಿಡ್ತೀಯಾ?”

“ಬಿಡೋದಾ?” ಅಂದಳು ಹಲ್ಲಕ್ಕ. “ಒಳ್ಳೇದು ಮಾಡ್ಕೊಡ್ತೀನಿ. ಇಂಥದ್ದು ಯಾರೂ ಮಾಡಿರಬಾರದು, ಹಾಗೆ.”

ಮಾಡಿದಳು. ಚೀಟಿಯಲ್ಲಿ ಎಲ್ಲಕ್ಕಿಂತ ಬಿಳಿ ಬಣ್ಣ ಎಂದು ಬರೆದಿತ್ತು. ಅವಳು ಆ ವಯಸ್ಸಿಗೆ ಒಪ್ಪುವ, ಒಂದು ಪಾಲು ಮಾಸಲು ಬಣ್ಣ ಆರಿಸಿದಳು. ಒಸಡಿಗೆ ಒಸಡಿನದೇ ನೆರಳು ಬರಿಸಿದಳು. ಮುಂದಿನ ಹಲ್ಲುಗಳ ತುದಿಯನ್ನು ವರ್ಷಗಟ್ಟಲೆ ಸವೆದಂತೆ ಸವೆಸಿದಳು. ಎಡಗಡೆಯ ಹಲ್ಲನ್ನು ಪಕ್ಕದ್ದರ ಮೇಲೆ ಒಂದೇ ಒಂದು ಎಳೆ ಹತ್ತಿಸಿದಳು. ಹಗೆಯಿಂದ ಶುರುಮಾಡಿದ್ದೇನೋ ನಿಜ, ಆದರೆ ಎರಡನೇ ವಾರಕ್ಕೆ ಕೈಗೆ ಹಗೆ ಮರೆತುಹೋಗಿ ಕೆಲಸವೊಂದೇ ಉಳಿದಿತ್ತು. ಮುಗಿದ ದಿನ ಸೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ತುಂಬ ಹೊತ್ತು ನಿಂತಳು. ಗುಬ್ಬಿಗಳು ಇದರ ಮುಂದೆ ಯಾವ ಲೆಕ್ಕ!

ಮೂರು ಶನಿವಾರ ಮೇಡಂ ಬರಲಿಲ್ಲ. ನಾಲ್ಕನೆಯದಕ್ಕೆ ಬಂದರು, ಬಾಗಿಲಲ್ಲೇ ನಿಂತು ನಕ್ಕರು.

“ಅಯ್ಯಯ್ಯೋ ಮೇಡಂ, ಹತ್ತು ವರ್ಷ ಚಿಕ್ಕೋರಾಗ್ಬಿಟ್ಟಿದ್ದೀರಿ!” ಅಂದಳು ಟೈಲರಮ್ಮ.

“ನಿಮ್ಮದೇ ಹಲ್ಲು ಅನ್ಸುತ್ತೆ, ನನ್ನಾಣೆ,” ಅಂದಳು ಪೋಸ್ಟಕ್ಕ.

“ಈ ವಾರ ಮೇಜಿನ ಮೇಲಿಡೋಕೆ ನನ್ನದು ಇದೇ. ತೆಗೆದಿಡಲ್ಲ ಅಷ್ಟೇ,” ಅಂದು ಮೇಡಂ ಇನ್ನೊಮ್ಮೆ ನಕ್ಕರು. ನಿಜವಾಗಿ ಖುಷಿಯಾಗಿದ್ದರು. ಇಷ್ಟು ವರ್ಷದಲ್ಲಿ ಅವರು ಖುಷಿಯಾಗಿ ಏನನ್ನಾದರೂ ತೋರಿಸಿದ್ದು ಇದೇ ಮೊದಲು. ಹಲ್ಲಕ್ಕನ ಕಡೆ ತಿರುಗಿದರು. “ಇದು ಇಲ್ಲಿಯ ಕೆಲಸ ಅಲ್ಲಮ್ಮಾ, ಹೊರಗಿಂದ ತರಿಸಿದ್ದಂತೆ. ನೀನು ಹೇಳು, ನೀನು ತಿಳಿದವಳು.”

ಹಲ್ಲಕ್ಕ ಎದ್ದಳು. ಮೇಡಮ್ಮನ್ನು ಬಾಗಿಲ ಬೆಳಕಿಗೆ ಕೂರಿಸಿ, ಎರಡು ಬೆರಳಲ್ಲಿ ಗಲ್ಲ ಎತ್ತಿದಳು. ನಗಿಸಿದಳು, ಮುಚ್ಚಿಸಿದಳು, ಮತ್ತೆ ನಗಿಸಿದಳು. ಬಾಯಲ್ಲಿ ಕೂತ ಮೇಲೆ ಅದು ಬೆಂಚಿನ ಮೇಲಿದ್ದದ್ದಕ್ಕಿಂತ ಚೆಂದವಾಗಿತ್ತು. ನಾನೇ ಮಾಡಿದ್ದು ಎಂದುಬಿಟ್ಟಿದ್ದರೆ ಮೇಡಮ್ಮಿಗೆ ಒಂದು ದಿನದ ಅವಮಾನ. ಒಂದು ದಿನ ಯಾತಕ್ಕೂ ಸಾಲದು.

“ಚೆನ್ನಾಗಿದೆ,” ಅಂದಳು. “ಆದ್ರೆ...”

ಅಷ್ಟಕ್ಕೇ ನಿಲ್ಲಿಸಿ ಬಂದು ಕೂತಳು.

“ಆದ್ರೆ ಏನು?”

“ಏನಿಲ್ಲ ಬಿಡಿ.”

“ಹೇಳಮ್ಮಾ, ಏನಾಗಿದೆ?”

“ಕೂರಿಸಿ ಆಯ್ತಲ್ಲ ಮೇಡಂ. ಈಗ ಹೇಳಿ ಏನ್ ಪ್ರಯೋಜನ?”

ಮೇಡಂ ಟೈಲರಮ್ಮನ ಮುಖ ನೋಡಿದರು, ಪೋಸ್ಟಕ್ಕನ ಮುಖ ನೋಡಿದರು. ಅವರಿಬ್ಬರೂ ಈಗ ಹಲ್ಲನ್ನೇ ನೋಡುತ್ತಿದ್ದರು, ಆ ‘ಆದ್ರೆ’ ಎಲ್ಲಿದೆಯೆಂದು ಹುಡುಕುತ್ತಿದ್ದರು. ಮೇಡಮ್ಮಿನ ಕೈ ಮೆಲ್ಲಗೆ ಮೇಲೆ ಬಂದು ಬಾಯಿ ಮುಚ್ಚಿತು.

ಹಲ್ಲಕ್ಕ ಅವತ್ತು ಮನೆಗೆ ಹಾಡಿಕೊಂಡು ಹೋದಳು. ಅತ್ತಿಗೆ ಕತೆಯನ್ನು ಮೂರು ಸಲ ಹೇಳಿಸಿಕೊಂಡಳು.

ಹದಿನೈದು ದಿನಕ್ಕೆ 418 ವಾಪಸು ಬಂತು. ಜೊತೆಗಿದ್ದ ಚೀಟಿಯಲ್ಲಿ ವೈದ್ಯರು ಬರೆದಿದ್ದರು: ನನಗೇನೂ ದೋಷ ಕಾಣುತ್ತಿಲ್ಲ. ರೋಗಿ ಮಾತ್ರ, ಚೆನ್ನಾಗಿದೆ, ಆದರೆ ಏನೋ ಸರಿಯಿಲ್ಲ ಅನ್ನುತ್ತಾರೆ. ಹಲ್ಲಕ್ಕ ಕಿಟಕಿಯ ಬೆಳಕಿನಲ್ಲಿ ಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿದಳು. ಎಲ್ಲಿಗೆಂದು ಅರ ಹಾಕುವುದು? ತೊಳೆದು, ಒರೆಸಿ, ಹಾಗೇ ಕಳಿಸಿದಳು. ತಿಂಗಳಲ್ಲಿ ಮತ್ತೆ ಬಂತು, ಮತ್ತೆ ಹಾಗೇ ಮೇಡಮ್ಮಿನ ಬಾಯಿಗೆ ಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ವಾಪಸು ಬಂದದ್ದು ಅದೊಂದೇ ಸೆಟ್ಟು.

ಆಮೇಲೆ ಒಂದು ಶನಿವಾರ ಅವಳು ಬಿಸ್ಕತ್ತಿನ ಡಬ್ಬಿ ಇಳಿಸಿಕೊಂಡು ಹೋಗಿ, ಏಳು ಗುಬ್ಬಿಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೇಡಂ ಎಡಗೈಯಲ್ಲಿ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು, ಬಲಗೈಯಲ್ಲಿ ಬೆನ್ನು ಕೆರೆಯುವ ಗುಬ್ಬಿಯನ್ನು ಎತ್ತಿ ನೋಡಿದರು.

“ಚೆನ್ನಾಗಿದೆ,” ಅಂದರು ಕರವಸ್ತ್ರದೊಳಗಿಂದ. ಮುಂದೆ ಏನೂ ಹೇಳಲಿಲ್ಲ.

“ನಿನ್ನ ಕೈಯಲ್ಲಿ ಇದಕ್ಕಿಂತ ಒಳ್ಳೇದು ಬಂದಿರಲಿಕ್ಕಿಲ್ಲ ಬಿಡು,” ಅಂದಳು ಟೈಲರಮ್ಮ. ಅವಳ ಹಳದಿ ಛತ್ರಿ ಬಾಗಿಲ ಮೂಲೆಯಲ್ಲಿ ಬಿಚ್ಚಿಕೊಂಡು ಒಣಗುತ್ತಿತ್ತು.

“ಬಂದಿದೆ,” ಅಂದುಬಿಟ್ಟಳು ಹಲ್ಲಕ್ಕ.

“ಹೌದಾ? ತೋರಿಸು ಮತ್ತೆ, ಮೇಜಿನ ಮೇಲಿಡು!”

ಮೂವರೂ ಅವಳ ಕಡೆ ನೋಡಿದರು, ಮೇಡಂ ಕರವಸ್ತ್ರದ ಮೇಲಿನಿಂದ. ಆ ಕೈ ತೆಗೀರಿ ಮೇಡಂ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಲ್ಲಕ್ಕ ಗುಬ್ಬಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು.

“ಅದು ನನ್ನ ಹತ್ರ ಇಲ್ಲ,” ಅಂದಳು.