ಹೋಗುವ ಕಡೆಗೆ ನೋಡಿ, ವಾಸಣ್ಣ

ಇವತ್ತು ಮಾಡಿದ ಕೆಲಸಗಳು: ಬೆಳಿಗ್ಗೆ ದೋಸೆಗೆ ಅಕ್ಕಿ ನೆನೆಹಾಕಿದೆ. ಬೋಟಿಂಗಿನ ಲೈಫ್ ಜಾಕೆಟುಗಳನ್ನು ಸೋಪಿನ ನೀರಿನಲ್ಲಿ ತಿಕ್ಕಿ ಗೋಡೆಯ ಮೇಲೆ ಒಣಗಿಸಿದೆ. ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ಸೋಮವಾರ ಕೆರೆಗೆ ರಜೆಯಾದ್ದರಿಂದ ಕನ್ನಡಕ ಸರಿಮಾಡಿಸಲು ಉಡುಪಿಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಎರ್ಮಾಳಿನ ವಾಸಣ್ಣನನ್ನು ಕಂಡು ಕಂಬದ ಹಿಂದೆ ಅಡಗಿ ನಿಂತೆ.

ಅಡಗಿದ್ದು ಯಾಕೆಂದರೆ, ಏಳು ವರ್ಷಗಳ ಹಿಂದೆ ಆ ಮನುಷ್ಯನ ಕೆಲಸ ತಪ್ಪಿಸಿದವಳು ನಾನು. ಬೇಕೆಂದೇ ತಪ್ಪಿಸಿದೆ. ಇಷ್ಟು ದಿನ ಯಾರಿಗೂ ಹೇಳಲಿಲ್ಲ.

ಮಣಿಪಾಲದ ಕಡೆ ಒಂದು ಪಾರ್ಕಿನ ಕೆರೆಯಲ್ಲಿ ಬಾಡಿಗೆಗೆ ಹುಟ್ಟು ಹಾಕುವ ದೋಣಿಗಳಿವೆ. ಟಿಕೆಟಿನ ಕಿಟಕಿಯಲ್ಲಿ ನಾನು, ದೋಣಿಯಲ್ಲಿ ನನ್ನ ಯಜಮಾನರು. ಹುಟ್ಟು ಹಾಕಲು ಬಾರದವರನ್ನು ಒಂದು ಸುತ್ತು ಕರೆದುಕೊಂಡು ಹೋಗಿ ಬರುವುದು ಅವರ ಕೆಲಸ. ಯಜಮಾನರಿಗೆ ಈಜು ಬಾರದು — ಅದು ಆಗ ಹೊಸದಾಗಿ ಬಂದ ಗುತ್ತಿಗೆದಾರರ ಕಿವಿಗೆ ಬಿತ್ತು. ಅವರು ಎರ್ಮಾಳಿನಿಂದ ವಾಸಣ್ಣನನ್ನು ಕರೆಸಿದರು. ಮೂವತ್ತು ವರ್ಷ ಕಡಲಿಗೆ ಹೋದ ಜನ. ಮೊಣಕಾಲ ಗಂಟಿನ ನೋವಿಗೆ ಕಡಲು ಬಿಟ್ಟಿದ್ದರು. ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದರು. ಭಾನುವಾರ ಸಂಜೆ ಗುತ್ತಿಗೆದಾರರ ತಾಯಿಯನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆದು ತೋರಿಸಬೇಕು. ತೋರಿಸಿದರೆ ಕೆಲಸ ವಾಸಣ್ಣನದು, ನನ್ನ ಯಜಮಾನರು ಮನೆಗೆ.

ವಾಸಣ್ಣ ಬೇಗ ಬಂದಿದ್ದರು. ಬಿಳಿ ಅಂಗಿ, ಇಸ್ತ್ರಿ ಹಾಕಿದ ಪಂಚೆ. ಕಿಟಕಿಯ ಹತ್ತಿರ ಬಂದು, ನನಗಿಂತ ಹತ್ತು ವರ್ಷ ದೊಡ್ಡವರಾದರೂ ಅಕ್ಕ ಎಂದು ಕರೆದರು.

"ಅಕ್ಕ, ಈ ದೋಣಿಯಲ್ಲಿ ಯಾವ ಕಡೆಗೆ ಮುಖ ಹಾಕಿ ಕೂರುವುದು? ನಮ್ಮದರಲ್ಲಿ ಹೋಗುವ ಕಡೆಗೆ ನೋಡುವುದು. ಇಲ್ಲಿ ಎಂತ ಕ್ರಮವೋ ಗೊತ್ತಿಲ್ಲ."

ಪಾರ್ಕಿನ ದೋಣಿಯ ಕ್ರಮ ಅದಲ್ಲ. ಅದರ ಹುಟ್ಟುಗಳು ಕಬ್ಬಿಣದ ಬಳೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಹೋಗುವ ಕಡೆಗೆ ಬೆನ್ನು ಹಾಕಿ ಕೂತು ಹುಟ್ಟನ್ನು ಎದೆಗೆ ಎಳೆದುಕೊಳ್ಳಬೇಕು. ಅದು ನನಗೆ ಚೆನ್ನಾಗಿ ಗೊತ್ತಿತ್ತು — ಯಜಮಾನರು ಕಲಿಯುವಾಗ ಎದುರಿನ ಹಲಗೆಯಲ್ಲಿ ಕೂತು ದಾರಿ ಹೇಳಿದವಳೇ ನಾನು.

ನಾನು ನಕ್ಕು ಹೇಳಿದೆ: "ಹೋಗುವ ಕಡೆಗೆ ನೋಡಿ, ವಾಸಣ್ಣ. ಬೆನ್ನು ಹಾಕಿಕೊಂಡು ಹೋಗುವವರು ಎಲ್ಲಾದರೂ ಉಂಟಾ?"

"ಅಲ್ವಾ ಮತ್ತೆ" ಎಂದು ಅವರೂ ನಕ್ಕರು. ನನ್ನನ್ನು ನಂಬಿದರು.

ಅವರು ಮುಂದಕ್ಕೆ ಮುಖ ಮಾಡಿ ಕೂತು ಬಲವಾಗಿ ಎಳೆದರು. ದೋಣಿ ಹಿಂದಕ್ಕೆ ಸರಿದು ಕಟ್ಟೆಗೆ ಬಡಿಯಿತು. ಮತ್ತೊಮ್ಮೆ ಎಳೆದರು, ಮತ್ತೆ ಬಡಿಯಿತು. ದಡದಲ್ಲಿ ಜನ ನಗತೊಡಗಿದರು. ಅಷ್ಟರಲ್ಲಿ ಅವರಿಗೆ ಅರ್ಥವಾಗಿತ್ತು. ಕಡಲಿನವರಿಗೆ ಎಷ್ಟು ಹೊತ್ತು ಬೇಕು? ತಿರುಗಿ ಕೂರಲೆಂದು ಹಲಗೆ ಹಿಡಿದು ಅರ್ಧ ಎದ್ದಿದ್ದರು. ಅರ್ಧ ನಿಮಿಷ ಬಿಟ್ಟಿದ್ದರೆ ಸಾಕಿತ್ತು — ಕೆರೆಯನ್ನು ಹತ್ತು ಸುತ್ತು ಹಾಕುತ್ತಿದ್ದರು.

ನಾನು ಬಿಡಲಿಲ್ಲ. ಟೈಮ್ ಆದ ದೋಣಿಗಳನ್ನು ಕರೆಯುವ ಮೈಕು ಕೈಯಲ್ಲೇ ಇತ್ತು. ಗುಂಡಿ ಒತ್ತಿ ಹೇಳಿದೆ:

"ಓ ಉಲ್ಟಾ ವಾಸಣ್ಣ! ಕಡಲು ಆ ಕಡೆ ಉಂಟು ಮಾರಾಯ್ರೆ, ಇದು ಕೆರೆ!"

ಇಡೀ ಪಾರ್ಕು ನಕ್ಕಿತು. ವಾಸಣ್ಣ ತಲೆಯೆತ್ತಿ ಕಿಟಕಿಯ ಕಡೆ ನೋಡಿದರು. ಅವರ ಕೈ ಹಲಗೆಯಿಂದ ಜಾರಿತು, ದೋಣಿ ವಾಲಿ ನೀರು ಒಳಗೆ ನುಗ್ಗಿತು, ಎದುರು ಕೂತಿದ್ದ ಗುತ್ತಿಗೆದಾರರ ತಾಯಿ ಕಿರುಚಿದರು. ಪರೀಕ್ಷೆ ಅಲ್ಲಿಗೆ ಮುಗಿಯಿತು.

"ಹಾಗೆ ಕೂರಲು ನಿಮಗೆ ಯಾರು ಹೇಳಿದ್ದು?" ಎಂದು ಗುತ್ತಿಗೆದಾರರು ಕೇಳಿದರು.

ವಾಸಣ್ಣ ನನ್ನ ಹೆಸರು ಹೇಳಲಿಲ್ಲ. "ಯಾರೂ ಇಲ್ಲ. ನನಗೆ ಗೊತ್ತಾಗಲಿಲ್ಲ" ಎಂದರು. ಒದ್ದೆಯಾದ ಪಂಚೆಯನ್ನು ಹಿಂಡಿಕೊಂಡು ನಡೆದುಹೋದರು. ನನಗೆ ಅಂದು ಅಯ್ಯೋ ಅನಿಸಲಿಲ್ಲ — ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಖುಷಿಯಾಗಿತ್ತು. ಮೈಕಿನಲ್ಲಿ ನನ್ನ ದನಿ ಒಳ್ಳೆಯದಾಗಿ ಬಂತು ಎಂದೂ ಅನಿಸಿತ್ತು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು, ನನ್ನ ದನಿ ಸಮೇತ. ವಾರದೊಳಗೆ ಅದು ಎರ್ಮಾಳಿಗೆ ಮುಟ್ಟಿತು. ಅಲ್ಲಿಂದ ಮೀನು ತರುವ ಗಿರಿಜಕ್ಕ ಬುಟ್ಟಿ ಇಳಿಸುತ್ತಾ ಹೇಳಿದಳು — ಈಗ ಅವರನ್ನು ಮಕ್ಕಳೂ ಉಲ್ಟಾ ವಾಸಣ್ಣ ಎನ್ನುತ್ತಾರಂತೆ, ದಡಕ್ಕೆ ದೋಣಿ ಎಳೆಯುವಲ್ಲಿಗೆ ಅವರು ಬರುವುದೇ ಇಲ್ಲವಂತೆ, ಕಾಪುವಿನ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರಂತೆ. ಹೇಳುತ್ತಾ ಅವಳು ನಕ್ಕಳು. ಬಂಗುಡೆ ಆರಿಸುತ್ತಾ ನಾನೂ ನಕ್ಕೆ.

ಇವತ್ತು ಕಂಡದ್ದು ಇಷ್ಟು. ಕಂಡಕ್ಟರ್ ಬಸ್ಸಿನ ಬಾಗಿಲು ಬಡಿಯುತ್ತಾ "ಕಾಪು, ಪಡುಬಿದ್ರಿ!" ಎಂದು ಕೂಗುತ್ತಿದ್ದ. ವಾಸಣ್ಣ ಕುಂಟುತ್ತಾ ಬಂದರು.

"ಓ ಉಲ್ಟಾ, ಬೇಗ ಹತ್ತಿ! ಮುಖ ಮುಂದೆ ಮಾಡಿ ಕೂತುಕೊಳ್ಳಿ, ಇಲ್ಲದಿದ್ದರೆ ಬಸ್ಸು ವಾಪಸ್ ಕುಂದಾಪುರಕ್ಕೆ ಹೋದೀತು!"

ಆ ಹುಡುಗನಿಗೆ ಕೆರೆಯ ಕತೆ ಗೊತ್ತಿರುತ್ತದೋ ಇಲ್ಲವೋ. ವಾಸಣ್ಣ ಸಿಟ್ಟು ಮಾಡಲಿಲ್ಲ. "ಬಂದೆ, ಬಂದೆ" ಎಂದರು — ತಂದೆ ತಾಯಿ ಇಟ್ಟ ಹೆಸರಿಗೆ ಓಗೊಡುವ ಹಾಗೆ. ನಾನು ಕಂಬದ ಹಿಂದೆ ಕೊಡೆ ಬಿಡಿಸಿ ಮುಖ ಮುಚ್ಚಿಕೊಂಡೆ. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಡಿಸಿ ಯಜಮಾನರಿಗೆ ಹೇಳಿದೆ. "ಅವತ್ತು ವಾಸಣ್ಣನಿಗೆ ಹಾಗೆ ಕೂರಲು ಹೇಳಿದ್ದು ನಾನು."

ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಗೊತ್ತುಂಟು. ನಾನು ಕಿಟಕಿಯ ಕೆಳಗೇ ಹಗ್ಗ ಸುತ್ತುತ್ತಾ ಇದ್ದೆ ಅಲ್ವಾ. ಇನ್ನೊಂದು ಸೌಟು ಹುಳಿ ಹಾಕು."

ಏಳು ವರ್ಷ ಇಬ್ಬರೂ ಆ ಕೆಲಸದ ಅನ್ನ ಉಂಡಿದ್ದೇವೆ. ಅವರಿಗೂ ಗೊತ್ತಿತ್ತು ಎಂದ ಮಾತ್ರಕ್ಕೆ ನನ್ನದು ಅರ್ಧವಾಗುವುದಿಲ್ಲ. ಬಾಯಿ ನನ್ನದು, ಮೈಕು ಹಿಡಿದ ಕೈ ನನ್ನದು. ಬರುವ ಸೋಮವಾರ ಕಾಪುವಿಗೆ ಹೋಗುತ್ತೇನೆ. ಕ್ಷಮೆ ಕೇಳಲು ಅಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ಆ ಹೋಟೆಲಿನಲ್ಲಿ ಎಲ್ಲರೂ ಇರುವಾಗ, ತಪ್ಪು ಹೇಳಿಕೊಟ್ಟವಳು ನಾನೇ ಎಂದು ಹೇಳಿ ಬರುತ್ತೇನೆ. ಉಲ್ಟಾ ಎಂಬ ಹೆಸರು ಅದರಿಂದ ಹೋಗಲಿಕ್ಕಿಲ್ಲ. ಆದರೂ —

ಕುಚ್ಚಲಕ್ಕಿ ಅನ್ನ, ಬಸಳೆ ಹುಳಿ, ಸುಟ್ಟ ಹಪ್ಪಳ. ಅವರು ಎರಡು ಸಲ ಹಾಕಿಸಿಕೊಂಡು ಉಂಡರು, ಚಾಪೆ ಹಾಸಿದ ಕೂಡಲೇ ನಿದ್ದೆ ಹೋದರು. ನಾನು ತಟ್ಟೆಯ ಮುಂದೆಯೇ ಕೂತಿದ್ದೆ.