ಎಡಗಿವಿಯ ಮೇಡಂ

ಮುಖವೇ ಮನಸ್ಸಿನ ಕನ್ನಡಿ ಎಂದು ಬಲ್ಲವರು ಹೇಳಿದ್ದಾರೆ. ಬಲ್ಲವರು ಅಗ್ರಹಾರದ ಸೈಬರ್ ಕೆಫೆಯಲ್ಲಿ ಕುಳಿತು ಆ ಮಾತು ಹೇಳಿರಲಾರರು. ಅಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ನನಗೆ ಕಂಡದ್ದು ಒಂದು ಎಡಗಿವಿ, ಅದರಲ್ಲಿ ಏಳು ಕಲ್ಲಿನ ಓಲೆ, ಕಿವಿಯ ಹಿಂದೆ ಸಿಕ್ಕಿಸಿದ ಮೋಟು ಪೆನ್ಸಿಲ್ಲು. ಕ್ಯಾಮೆರಾ ಯಾವ ಕಡೆಗಿದೆ ಎಂಬುದು ಮೇಡಂಗೆ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಹೀಗೆ ಎರಡು ವರ್ಷ ನಾನು ನನ್ನ ಅಂತರಂಗವನ್ನು ಒಂದು ಕಿವಿಗೆ ನಿವೇದಿಸಿಕೊಂಡೆ. ಈಗ ಯೋಚಿಸಿದರೆ, ಬೇಕಾಗಿದ್ದದ್ದೂ ಅಷ್ಟೇ.

ಅವರು ಆಪ್ತಸಮಾಲೋಚಕಿ. ಲಕ್ಷ್ಮೀಪುರಂನಲ್ಲಿ ಅವರ ಮನೆ, ನಜರ್‌ಬಾದಿನಲ್ಲಿ ನನ್ನದು. ಸೈಕಲ್ಲಿನಲ್ಲಿ ಹದಿನೈದು ನಿಮಿಷ. ಆದರೆ ‘ಆಪ್ತಸಮಾಲೋಚನೆ’ ಎಂಬ ಬೋರ್ಡಿನ ಕೆಳಗೆ ಗೇಟು ತೆಗೆಯುವುದನ್ನು ಒಬ್ಬ ಪರಿಚಿತ ಕಂಡರೂ ಸಂಜೆಯೊಳಗೆ ಇಡೀ ಕಚೇರಿಗೆ ತಿಳಿಯುವ ಊರು ನಮ್ಮದು. ತೊಂಬತ್ತರ ದಶಕದಲ್ಲಿ ಮೂರು ಸಲ ಗೇಟಿನವರೆಗೆ ಹೋಗಿ, ಎದುರಿನ ಅಂಗಡಿಯಲ್ಲಿ ಬಾಳೆಹಣ್ಣು ಕೊಂಡು ಹಿಂದಿರುಗಿದ್ದೆ. ಹೊಸ ಶತಮಾನ ಬಂದು ಬೋರ್ಡಿನಲ್ಲಿ ‘ಇಂಟರ್‌ನೆಟ್ ಮೂಲಕವೂ’ ಎಂಬ ಸಾಲು ಸೇರಿದ ಮೇಲೆ, ಹದಿನೈದು ನಿಮಿಷದ ದಾರಿಯನ್ನು ಭೂಮಂಡಲ ಸುತ್ತಿ ಕ್ರಮಿಸಲು ತೀರ್ಮಾನಿಸಿದೆ.

ಕಾಯಿಲೆ ಕುಡಿತ. ನಾನು ಸರ್ಕಾರಿ ಗುಮಾಸ್ತ. ಬಿಟ್ಟಿದ್ದೇನೆಂದು ದಸರೆಯಲ್ಲಿ ಹೆಂಡತಿಗೆ ಹೇಳಿದ್ದೆ, ಬಿಟ್ಟಿರಲಿಲ್ಲ. ಏಲಕ್ಕಿ ಜಗಿಯುತ್ತ ಮನೆಗೆ ಬರುತ್ತಿದ್ದೆ. ಅವಳು ಮೊದಲೇ ಎಚ್ಚರಿಸಿದ್ದಳು: “ಕುಡಿದ್ರೆ ಹೆಂಗೋ ಸಹಿಸ್ಕೋತೀನಿ ಕಣ್ರೀ. ಇನ್ನೊಂದ್ಸಲ ಸುಳ್ಳು ಹೇಳಿದ್ರೆ ಅಣ್ಣನ ಮನೆಗೆ ಹೊರಟ್ಬುಡ್ತೀನಿ.” ಅವಳು ಹೇಳಿದ್ದನ್ನು ಮಾಡುವವಳು.

ಮೊದಲ ದಿನ ಮೇಡಂ ಗೋಡೆಯಿಂದ ಸರ್ಟಿಫಿಕೇಟು ಇಳಿಸಿ, ತಲೆಕೆಳಗಾಗಿ ಕ್ಯಾಮೆರಾಕ್ಕೆ ಹಿಡಿದರು. “ಓದ್ಕೊಳ್ಳಿ. ಲೈಸೆನ್ಸ್ ಇಲ್ದೋರ ಹತ್ರ ಮನಸ್ಸು ಬಿಚ್ಚಬಾರ್ದು. ಮೆಷಿನ್ನಲ್ಲಿ ಯಾರ್ ಬೇಕಾದ್ರೂ ಮೇಡಂ ಆಗ್ಬೋದು.” ಕತ್ತು ತಿರುಚಿ ಓದಿದೆ. “ಇನ್ನು, ದಿಢೀರ್ ಅಂತ ನಿಲ್ಲಿಸೋ ಶೌರ್ಯ ಬೇಡ. ಮೈಗೆ ಅಪಾಯ. ಮೊದ್ಲು ಡಾಕ್ಟ್ರಿಗೆ ತೋರ್ಸಿ, ಆಮೇಲೆ ನನ್ನ ಹತ್ರ ಬನ್ನಿ.” ಹಾಗೆಯೇ ಮಾಡಿದೆ.

ಹೆಡ್‌ಫೋನ್ ಹಾಕಿಕೊಂಡವನಿಗೆ ತನ್ನ ದನಿಯ ಅಳತೆ ತಿಳಿಯುವುದಿಲ್ಲ. ನನ್ನ ಗೋಳು ಅರ್ಧಕ್ಕೆ ಬಂದಾಗ ಕೆಫೆಯ ಮಾಲೀಕರು ಪರದೆ ಸರಿಸಿ ತಲೆ ತೂರಿಸಿದರು. “ಸಾರ್, ವಸಿ ಮೆಲ್ಲಗೆ. ಮೂರನೇ ಕ್ಯಾಬಿನ್ನೋರು ಅಳ್ತಾವ್ರೆ.”

ಅಂದಿನಿಂದ ನಾನು ಬರೆದು ಕಳಿಸುವುದು, ಮೇಡಂ ಓದಿ ಮಾತಾಡುವುದು ಎಂದಾಯಿತು. ನನ್ನ ಹಾಳೆಗಳನ್ನು ಮಾಲೀಕರು ಮುಖ ಆಚೆ ತಿರುಗಿಸಿಕೊಂಡು ಸ್ಕ್ಯಾನ್ ಮಾಡುತ್ತಿದ್ದರು. ನನಗೆ ಬರುತ್ತಿದ್ದದ್ದು ಒಂದೇ ಬರವಣಿಗೆ: ಮೇಲೆ ವಿಷಯ, ಕೆಳಗೆ ಉಲ್ಲೇಖ, ಕೊನೆಗೆ ‘ತಮ್ಮ ವಿಧೇಯ’. ಪುಟಸಂಖ್ಯೆ ಹಾಕಿ, ದಾರ ಪೋಣಿಸಿ, ಎಲ್ಲವನ್ನೂ ಕಡತ ಮಾಡಿ ಕಚೇರಿಯ ಬೀರುವಿನಲ್ಲಿಟ್ಟೆ. ಸಾಹೇಬರ ಕಿರುಕುಳದಿಂದಲೇ ಕುಡಿಯುತ್ತೇನೆಂದು ನಾಲ್ಕು ಪುಟ ಬರೆದಾಗ ಪೆನ್ಸಿಲ್ಲು ಕಿವಿಯಿಂದ ಇಳಿಯಿತು.

“ಆಯ್ತು. ಸಾಹೇಬ್ರು ಕೂಗಾಡಿದ್ದು ಬೆಳಿಗ್ಗೆ. ಸಾಯಂಕಾಲ ಆರಕ್ಕೆ ಅವರೆಲ್ಲಿದ್ರು?”

“ಅವರ ಮನೇಲಿ, ಮೇಡಂ.”

“ನೀವು?”

ನಾನು ವೈನ್ ಸ್ಟೋರಿನಲ್ಲಿದ್ದೆ. ಮೇಡಂ ಬೈಯಲಿಲ್ಲ. “ಆಯ್ತು, ಆಮೇಲೆ?” ಎಂದರು. ಅವರ ಶಾಸ್ತ್ರವೆಲ್ಲ ಈ ಎರಡು ಮಾತಿನಲ್ಲಿತ್ತು. ಎಂಥ ಘನಂದಾರಿ ನೆಪವೂ ಮೂರನೆಯ ‘ಆಮೇಲೆ’ಗೆ ಪ್ರಾಣ ಬಿಡುತ್ತಿತ್ತು.

ಕುಡಿತ ಇಳಿಯಿತು, ಸುಳ್ಳು ಇಳಿಯಲಿಲ್ಲ. ಹೆಂಡತಿಗೆ ಹೇಳಿ ಎಂದು ಮೇಡಂ ವಾರವಾರವೂ ಹೇಳಿದರು. ಹೇಳಿದರೆ ಅವಳು ಹೋಗುತ್ತಾಳೆ. ಬಾಯಿಂದ ಹೇಳಲಾರೆ ಎಂದು ಬರೆದು ಕಳಿಸಿದೆ.

“ಬಾಯಲ್ಲಿ ಹೇಳೋಕ್ಕಾಗದ್ದನ್ನ ನಿಮ್ಮ ಆಫೀಸಲ್ಲಿ ಏನ್ಮಾಡ್ತೀರಿ?”

“ಮೇಲಿನವರಿಗೆ ಕಡತ ಮಂಡಿಸ್ತೀವಿ.”

“ಮನೇಲಿ ಮೇಲಿನವರು ಯಾರು?”

ಅದರಲ್ಲಿ ಸಂಶಯವಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ, ಹಸಿರು ಟಿಪ್ಪಣಿ ಹಾಳೆಯ ಮೇಲೆ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದು, ಇಪ್ಪತ್ತಾರು ಪುಟದ ಕಡತವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹಿತ್ತಿಲಿಗೆ ಹೋಗಿ ನಿಂತೆ. ಒಳಗೆ ಪುಟ ತಿರುವುವ ಸದ್ದು. ನಡುವೆ ಕುಕ್ಕರು ಮೂರು ಸಲ ಕೂಗಿತು, ಯಾರೂ ಇಳಿಸಲಿಲ್ಲ. ಸಾರು ಸೀದ ವಾಸನೆಗೆ ಒಳಗೆ ಓಡಿದೆ. ಅವಳು ಕಣ್ಣೊರೆಸಿಕೊಂಡು ಕಡತ ನನ್ನ ಕೈಗಿತ್ತಳು. ನನ್ನ ಸಹಿಯ ಕೆಳಗೆ ಹಾಲಿನ ಲೆಕ್ಕದ ಪೆನ್ನಿನಲ್ಲಿ ಬರೆದಿದ್ದಳು: ‘ಪುಟ ಹದಿನಾಲ್ಕು ತಪ್ಪು. ಅಣ್ಣನ ಮಗುವಿನ ನಾಮಕರಣದ ದಿನ ಕುಡಿದದ್ದು ಒಂದು ಪೆಗ್ಗಲ್ಲ, ಮೂರು. ತಿದ್ದಿ ತನ್ನಿ.’

“ನಿಂಗೆ ಗೊತ್ತಿತ್ತಾ?”

“ಏಲಕ್ಕಿ ತರೋಳು ನಾನು ಕಣ್ರೀ. ಯಾವ ಡಬ್ಬಿ ಯಾವಾಗ ಖಾಲಿ ಆಗುತ್ತೆ ಅಂತ ಗೊತ್ತಾಗಲ್ವಾ? ನೀವಾಗೇ ಹೇಳ್ತೀರಾ ನೋಡೋಣ ಅಂತ ಕೂತಿದ್ದೆ.”

ಸೋಮವಾರ ಇದನ್ನು ವರದಿ ಮಾಡಿದಾಗ ಆ ಓಲೆ ಅಲುಗಾಡುವಂತೆ ಮೇಡಂ ನಕ್ಕರು. “ಮನೇಲೇ ಇಷ್ಟು ದೊಡ್ಡ ಅಧಿಕಾರಿ ಇಟ್ಕೊಂಡು ನನ್ನ ಹತ್ರ ಬಂದಿದ್ರಲ್ರೀ!” ಆಮೇಲೆ ಎರಡು ಸಲ ಮತ್ತೆ ಕುಡಿತಕ್ಕೆ ಜಾರಿದೆ. ಎರಡನ್ನೂ ಅಂದಂದೇ ಹೆಂಡತಿಗೆ ಮಂಡಿಸಿದೆ.

ಮೇಡಂ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ನೋಡಿ, ಹಗಲು ಹೊತ್ತಿನಲ್ಲೇ ಲಕ್ಷ್ಮೀಪುರಂಗೆ ಹೋಗಿ ಆ ಗೇಟು ತೆಗೆದೆ. ಎದುರಿನ ಅಂಗಡಿಯವನು ನೋಡಿದ, ನೋಡಲಿ. ಒಳಗೆ ಹಾರ ಹಾಕಿದ ಫೋಟೋ ಇತ್ತು. ಅವರ ಇಡೀ ಮುಖ ನೋಡಿದ್ದು ಅವತ್ತೇ. ಬಲಗಿವಿಯಲ್ಲೂ ಓಲೆಯಿತ್ತು.

ಕಡತ ಐವತ್ತೆರಡನೇ ಪುಟಕ್ಕೆ ಮುಕ್ತಾಯವಾಗಿದೆ. ಹೆಂಡತಿ ಅಣ್ಣನ ಮನೆಗೆ ಹಬ್ಬಕ್ಕೆ ಹೋಗುತ್ತಾಳೆ, ಮಾರನೆಯ ದಿನ ಬರುತ್ತಾಳೆ.